ಅಪ್ಪ ‘ಬೇಡ’ ಅಂದ ದಿನ

ನಮ್ಮಪ್ಪ ಜೀವಮಾನದಲ್ಲಿ ಯಾವುದಕ್ಕೂ ಮೊದಲ ಸಲಕ್ಕೇ ಹೂಂ ಅಂದವರಲ್ಲ. ಚಿಕ್ಕಪೇಟೆಯ ಗಲ್ಲಿಯೊಂದರಲ್ಲಿ ರೇಷ್ಮೆ ನೂಲಿನ ಅಂಗಡಿ ಇಟ್ಟುಕೊಂಡು ಬದುಕಿದವರು. ಒಪ್ಪುವ ಮೊದಲು ನಾಲ್ಕು ಸಲ ಒಪ್ಪದೆ ಇರುವುದು ಅವರ ಕಸುಬಿನ ನಿಯಮ. ಬರುಬರುತ್ತಾ ಅದೇ ಸ್ವಭಾವವೂ ಆಗಿಹೋಗಿತ್ತು. ಅಮ್ಮ “ಕಾಫಿ ಕೊಡ್ಲಾ?” ಅಂದರೆ “ಈಗಲೇ ಬೇಡ” ಅನ್ನುವರು, ತಂದಿಟ್ಟರೆ ಕುಡಿಯುವರು. ನನ್ನ ಮದುವೆಯ ಮಾತುಕತೆಯಲ್ಲಿ ಗಂಡಿನ ಕಡೆಯವರು “ನಮಗೇನೂ ಬೇಡ, ಹುಡುಗಿ ಸಾಕು” ಅಂದಾಗಲೂ ಅಪ್ಪ ಅಭ್ಯಾಸಬಲದಿಂದ “ಸ್ವಲ್ಪ ನೋಡಿ ಹೇಳಿ” ಅಂದುಬಿಟ್ಟರಂತೆ. ಅದನ್ನು ನನ್ನ ಮಾವನವರು ಸಾಯುವ ತನಕ ಹೇಳಿಕೊಂಡು ನಕ್ಕರು.

ಅಂಥ ಮನುಷ್ಯನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಆಸ್ಪತ್ರೆಯಿಂದ ಚಾಮರಾಜಪೇಟೆಯ ಮನೆಗೆ ಕರೆತರುವ ಹೊತ್ತಿಗೆ ಕಾಲು ಒಂದಿಷ್ಟು ಚೇತರಿಸಿಕೊಂಡಿತ್ತು, ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದರು. ಮಾತು ಮಾತ್ರ ಮರಳಲಿಲ್ಲ. ಅಷ್ಟು ದೊಡ್ಡ ಮಾತಿನ ಅಂಗಡಿಯಲ್ಲಿ ಉಳಿದದ್ದು ಒಂದೇ ಸರಕು: ಹೂಂ.

ಅನ್ನ ಬೇಕಾ ಅಪ್ಪ? ಹೂಂ. ಬೇಡ್ವಾ? ಹೂಂ. ಇವತ್ತು ಸೋಮವಾರಾನಾ? ಹೂಂ. ಮಂಗಳವಾರಾನಾ? ಅದಕ್ಕೂ ಹೂಂ. ಅನ್ನುವಾಗ ಅವರ ಕಣ್ಣಿನಲ್ಲಿ ಸಿಟ್ಟು ಕಾಣುತ್ತಿತ್ತು. ಆದರೆ ಬಾಯಿಂದ ಬರುತ್ತಿದ್ದದ್ದು ಅದೊಂದೇ.

ಈ ಹೂಂ ಅನ್ನು ಜನ ಹೇಗೆ ಉಪಯೋಗಿಸಿಕೊಂಡರು ಅಂತ ನೆನೆದರೆ ಈಗ ನಗು ಬರುತ್ತದೆ. ಸೋದರಮಾವ ನೋಡಲು ಬಂದವರು “ಭಾವ, ಈ ಊರುಗೋಲು ನೀವು ಉಪಯೋಗಿಸ್ತಿಲ್ವಲ್ಲ, ನಾನು ತಗೊಂಡು ಹೋಗ್ಲಾ?” ಅಂದರು. ಹೂಂ. ತಗೊಂಡು ಹೋದರು. ಪಕ್ಕದ ಮನೆಯವರು ನಮ್ಮ ಕಾಂಪೌಂಡಿನ ಒಳಗೆ ಅವರ ಸ್ಕೂಟರ್ ನಿಲ್ಲಿಸಿಕೊಳ್ಳಲು ವರ್ಷಗಳಿಂದ ಕೇಳುತ್ತಿದ್ದರು, ಅಪ್ಪ ಒಪ್ಪಿರಲಿಲ್ಲ. ಈಗ ಒಂದೇ ಹೂಂಗೆ ಸ್ಕೂಟರ್ ಒಳಗೆ ಬಂತು. ಅಮ್ಮ ತಲೆ ಚಚ್ಚಿಕೊಂಡರು: “ಯಾರೂ ಇವರನ್ನ ಏನೂ ಕೇಳ್ಬೇಡ್ರಪ್ಪಾ! ಇನ್ನೊಂದು ವಾರ ಬಿಟ್ರೆ ನನ್ನನ್ನೂ ಯಾರಿಗಾದ್ರೂ ಕೊಟ್ಟುಬಿಡ್ತಾರೆ.”

ಬ್ಯಾಂಕಿನಲ್ಲಿ ಇದು ನಗುವ ವಿಷಯ ಆಗಿರಲಿಲ್ಲ. ಅಪ್ಪನ ಸಹಿ ಮಾಡುವ ಕೈ ಹೋಗಿದೆ, ಹೆಬ್ಬೆಟ್ಟು ಒತ್ತಿಸೋಣ ಅಂತ ನನ್ನ ತಮ್ಮ ಮ್ಯಾನೇಜರನ್ನು ಮನೆಗೇ ಕರೆತಂದ. ಒಳ್ಳೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದು ಕೂತು ಕೇಳಿದರು: “ಸರ್, ಖಾತೆ ಹೀಗೇ ಮುಂದುವರಿಸೋಣವಾ?” ಹೂಂ. “ಮುಚ್ಚಿಬಿಡೋಣವಾ?” ಹೂಂ. ಮ್ಯಾನೇಜರ್ ಪೆನ್ನಿಗೆ ಮುಚ್ಚಳ ಹಾಕಿ ಎದ್ದರು. “ದಯವಿಟ್ಟು ತಪ್ಪು ತಿಳ್ಕೋಬೇಡಿ. ಇವರು ಒಪ್ಪಿದ್ರು ಅಂತ ನಾನು ಹೇಗೆ ಬರೀಲಿ? ಕೋರ್ಟಿಂದ ಒಂದು ಆದೇಶ ತಂದ್ಬಿಡಿ.”

ಹಾಗೆ ನನ್ನ ತಮ್ಮ ಶಂಕರಪುರಂನ ವಕೀಲರ ಹತ್ತಿರ ಹೋದ. ಅವನಲ್ಲಿ ಕೆಟ್ಟತನ ಹುಡುಕಿದರೆ ಸಿಗುವುದಿಲ್ಲ, ನಾನೇ ಹುಡುಕಿ ನೋಡಿದ್ದೇನೆ. ಮಲ್ಲೇಶ್ವರದಲ್ಲಿ ಅವನದೇ ಸೀರೆ ಅಂಗಡಿ ಇದೆ. ಅಲ್ಲಿಂದ ಇಲ್ಲಿಗೆ ಓಡಾಡಿ ಸೋತಿದ್ದ. ಅಪ್ಪನ ನೂಲಿನ ಅಂಗಡಿ ಬೀಗ ಹಾಕಿಕೊಂಡು ಧೂಳು ಕುಡಿಯುತ್ತಿತ್ತು. ಮೊಬೈಲ್ ಕವರ್ ಮಾರುವವನೊಬ್ಬ ಆ ಮಳಿಗೆಯನ್ನು ಬಾಡಿಗೆಗೆ ಕೇಳುತ್ತಿದ್ದ. ಕೊಡಬೇಕಾದರೂ ಅಪ್ಪನ ಒಪ್ಪಿಗೆ ಬೇಕು, ಇಲ್ಲವೇ ಅಪ್ಪನ ಒಪ್ಪಿಗೆ ಬೇಕಿಲ್ಲ ಅಂತ ಕೋರ್ಟು ಹೇಳಬೇಕು.

ವಕೀಲರು ಇಂಗ್ಲಿಷಿನಲ್ಲಿ ಬರೆದ ಅರ್ಜಿಯನ್ನು ನಮ್ಮ ನಡುಮನೆಯಲ್ಲೇ ಕೂತು ಓದಿ, ಅಮ್ಮನಿಗಾಗಿ ಕನ್ನಡದಲ್ಲಿ ಸಾರಾಂಶ ಹೇಳಿದರು. ಅದರಲ್ಲಿ ಒಂದು ಮಾತು ಮೂರು ನಾಲ್ಕು ಸಲ ಬಂತು: “ಅಸಮರ್ಥರು.” ತಮ್ಮ ವ್ಯವಹಾರ ನೋಡಿಕೊಳ್ಳಲು ಅಸಮರ್ಥರು, ಒಪ್ಪಿಗೆ ಕೊಡಲು ಅಸಮರ್ಥರು.

ಅಮ್ಮ ಕೇಳಿದರು: “ಹಂಗಂದ್ರೆ ಏನಪ್ಪಾ?”

“ಅದು ಕೋರ್ಟ್ ಭಾಷೆ ಅಮ್ಮ, ಬೈಗುಳ ಅಲ್ಲ” ಅಂದ ತಮ್ಮ.

“ನಮ್ಮತ್ತೆನೂ ಬೈದಾದ ಮೇಲೆ ಹಿಂಗೇ ಅಂತಿದ್ರು, ‘ಇದು ಬೈಗುಳ ಅಲ್ಲ’ ಅಂತ.”

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಕಾನೂನಿಗೆ ಕೆಲವರ ಮಾತು ಮಾತೇ ಅಲ್ಲ ಅಂತ ವಿವರಿಸಿದರು. ವಯಸ್ಸಿಗೆ ಬರದ ಮಕ್ಕಳದು, ಬುದ್ಧಿ ಸ್ವಾಧೀನದಲ್ಲಿ ಇಲ್ಲದವರದು. ಅಂಥವರು ಹೂಂ ಅಂದರೂ ಹೂಂ ಅಲ್ಲ, ಬೇಡ ಅಂದರೂ ಬೇಡ ಅಲ್ಲ. ಅವರ ಪರವಾಗಿ ಇನ್ನೊಬ್ಬರು ಮಾತಾಡುತ್ತಾರೆ. “ಇದು ಅವರ ರಕ್ಷಣೆಗೇ ಇರೋದು ತಾಯಿ. ಇಲ್ದಿದ್ರೆ ನಿಮ್ಮ ಊರುಗೋಲು ಹೋದ ಹಾಗೆ ಮನೇನೂ ಹೋಗ್ಬಹುದು.” ಅದೂ ನಿಜವೇ. ಕೇಳುತ್ತಾ ಕುರ್ಚಿಯಲ್ಲಿ ಕೂತಿದ್ದ ಅಪ್ಪ ಎಲ್ಲದಕ್ಕೂ ಹೂಂ, ಹೂಂ ಅನ್ನುತ್ತಿದ್ದರು. ಎಡಗೈ ಮಾತ್ರ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿತ್ತು.

ನನಗೆ ನಮ್ಮಜ್ಜಿ ನೆನಪಾದರು. ಅಜ್ಜಿಗೆ ಕಣ್ಣಿಗೆ ಪೊರೆ ಬಂದಾಗ ಮನೆಯವರೆಲ್ಲ ಸೇರಿ ಈಳಿಗೆಮಣೆಯನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದರು, ಕೈ ಕುಯ್ದುಕೊಳ್ಳುತ್ತಾರೆ ಅಂತ. ಅಜ್ಜಿ ಸುಮ್ಮನಿರುವವರೇ? ಪಕ್ಕದ ಮನೆಯ ಈಳಿಗೆ ಎರವಲು ತರಿಸಿ, ಹುರುಳಿಕಾಯಿಯನ್ನು ಬೆರಳಲ್ಲೇ ಅಳೆದು ಒಂದೇ ಸಮನಾಗಿ ಹೆಚ್ಚಿಟ್ಟರು. ಆಮೇಲೆ ನನ್ನನ್ನು ಕರೆದು ತಟ್ಟೆ ತೋರಿಸಿ ಹೇಳಿದರು: “ಕೈಲಾಗದೋರು ಅಂತ ಯಾರೂ ಹುಟ್ಟಲ್ಲ ಕಣೇ. ಸುತ್ತಮುತ್ತ ಇರೋ ಒಳ್ಳೆಯವರು ಸೇರಿ ಮಾಡ್ತಾರೆ.”

ಆ ಮಾತು ನನಗೂ ತಾಗುವಂಥದೇ. ಶಾಲೆಯಲ್ಲಿ ಲೆಕ್ಕದ ಟೀಚರ್ ಆಗಿದ್ದ ಕೆಲಸ ಬಿಟ್ಟ ಮೇಲೆ ನಾನೊಮ್ಮೆ ಅಪ್ಪನನ್ನು ಕೇಳಿದ್ದೆ: “ಅಂಗಡಿಗೆ ಬರ್ಲಾ ಅಪ್ಪ? ನಿಮಗೂ ವಯಸ್ಸಾಯ್ತು.” ಅಪ್ಪ ಪ್ರೀತಿಯಿಂದಲೇ ಹೇಳಿದ್ದರು: “ನಿನ್ನ ಕೈಲಿ ಆಗಲ್ಲ ಮಗಳೇ. ಟವೆಲ್ ಕೆಳಗೆ ಯಾರ ಕೈಗೆ ಅಂತ ಕೈ ಕೊಡ್ತೀಯ?”

ಈ ಟವೆಲ್ಲಿನ ಸಂಗತಿ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನೂಲಿನ ವ್ಯಾಪಾರದಲ್ಲಿ ಹಳಬರು ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಅಂಗಡಿಯಲ್ಲಿ ಹತ್ತು ಕಿವಿ ಇರುತ್ತವಲ್ಲ. ಮಾರುವವನೂ ಕೊಳ್ಳುವವನೂ ಎದುರುಬದುರು ಕೂತು ಕೈ ಕೈ ಹಿಡಿದು ಮೇಲೊಂದು ಟವೆಲ್ ಮುಚ್ಚುವರು. ಎಷ್ಟು ಬೆರಳು ಹಿಡಿದರೆ ಅಷ್ಟು. ಹೆಬ್ಬೆರಳ ಬುಡ ಒತ್ತಿದರೆ ಒಪ್ಪಿದೆ ಅಂತ. ಅಂಗೈಯಿಂದ ಅಂಗೈಯನ್ನು ಹಿಂದಕ್ಕೆ ತಳ್ಳಿದರೆ ಬೇಡ. ಕಿರುಬೆರಳು ಹಿಡಿದು ಎಳೆದರೆ ಮಾತು ಮುಗಿದಿಲ್ಲ, ಇನ್ನೂ ಇದೆ ಅಂತ. ಮುಖದಲ್ಲಿ ಒಂದು ಗೆರೆ ಅಲ್ಲಾಡುವುದಿಲ್ಲ. ಬಾಯಿ ಮಳೆ ಬೆಳೆ ಮಕ್ಕಳ ಮದುವೆ ಅಂತ ಮಾತಾಡುತ್ತಿರುತ್ತದೆ. ಕೆಳಗೆ ಟವೆಲ್ ಮಾತ್ರ ಇಲಿ ಹೊಕ್ಕ ಹಾಗೆ ಏಳುತ್ತಾ ಬೀಳುತ್ತಾ ಇರುತ್ತದೆ. ಫೋನು ಬಂದ ಮೇಲೆ ಇದೆಲ್ಲ ಹೋಯಿತು. ಆದರೂ ಅಪ್ಪ, ಅವರ ಓರಗೆಯ ಕೆಲವು ಹಳಬರು, ಇದನ್ನು ಬಿಟ್ಟಿರಲಿಲ್ಲ. ಅವರಿಗೆ ಅದರಲ್ಲೊಂದು ಸುಖ.

ಹೆಂಗಸರು ಮಾತ್ರ ಆ ಟವೆಲ್ಲಿನ ಹತ್ತಿರ ಸುಳಿಯುವಂತಿರಲಿಲ್ಲ. ಪರಗಂಡಸಿನ ಕೈಯನ್ನು ಬಟ್ಟೆಯ ಕೆಳಗೆ ಹಿಡಿಯುವುದೆಂದರೇನು! ಆದರೆ ನಮ್ಮ ತಾತನಿಗೆ ಯಾವ ಕಟ್ಟುಪಾಡೂ ಪೂರ್ತಿ ತಲೆಗೆ ಹತ್ತುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಜಗಲಿಯ ಮೇಲೆ ಕೂರಿಸಿಕೊಂಡು, ಹೆಗಲ ಮೇಲಿನ ವಸ್ತ್ರ ಮುಚ್ಚಿ, ಚಕ್ಕುಲಿಗೆ ಚೌಕಾಸಿ ಮಾಡುವುದನ್ನು ಕಲಿಸಿದರು. ನಾನು ಐದು ಕೇಳಿದರೆ ಅವರು ಒಂದು ಅನ್ನುವರು. ಅಪ್ಪ ನೋಡಿ ರೇಗಿದ ಮೇಲೆ ನಿಂತುಹೋಯಿತು.

ಈಗ ಅಪ್ಪನ ಕೋಣೆಗೆ ಬರೋಣ. ಲಕ್ವ ಹೊಡೆದ ಮೇಲೆ ಅವರಿಗೊಂದು ಹೊಸ ಅಭ್ಯಾಸ ಹತ್ತಿತ್ತು. ಯಾರು ಪಕ್ಕದಲ್ಲಿ ಕೂತರೂ ಎಡಗೈಯಿಂದ ಅವರ ಕೈ ಹಿಡಿದುಕೊಳ್ಳುವರು, ಹೊದಿಕೆಯ ಅಂಚನ್ನು ಎಳೆದು ಮೇಲೆ ಮುಚ್ಚುವರು, ಆಮೇಲೆ ಬೆರಳುಗಳನ್ನು ಹಿಸುಕುವರು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿಗೂ ಹೀಗೇ ಮಾಡಿದಾಗ ಅಮ್ಮ ನಾಚಿ ನೀರಾದರು. “ಏನೂ ತಿಳ್ಕೋಬೇಡಮ್ಮ, ಬುದ್ಧಿ ಸ್ವಾಧೀನದಲ್ಲಿಲ್ಲ” ಅಂತ ಅವಳ ಹತ್ತಿರ ಬೇಡಿಕೊಂಡರು. ವಕೀಲರ ಅರ್ಜಿಯಲ್ಲಿ ಇದೂ ಒಂದು ಸಾಲು ಆಗಿತ್ತು.

ಅದು ಟವೆಲ್ ವ್ಯಾಪಾರದ ಹಾಗಿದೆ ಅಂತ ನಮಗೆ ಹೊಳೆಯಲಿಲ್ಲವೇ ಅಂತ ನೀವು ಕೇಳಬಹುದು. ತಮ್ಮನಿಗೆ ಹೊಳೆದಿತ್ತು. ಹುಡುಗನಾಗಿದ್ದಾಗ ಅಂಗಡಿಯಲ್ಲಿ ಕೂತು ಅವನೂ ಆ ಸನ್ನೆ ಕಲಿತಿದ್ದ. ಅಪ್ಪನ ಕೈಗೆ ಕೈ ಕೊಟ್ಟು ನೋಡಿಯೂ ಇದ್ದ. “ಬರೀ ಕಲಸುಮೇಲೋಗರ ಅಕ್ಕ. ಹೆಬ್ಬೆರಳು ಹುಡುಕಿದ ಕಡೆ ಕಿರುಬೆರಳು ಹಿಡೀತಾರೆ, ಆಮೇಲೆ ಕೋಪ ಮಾಡ್ಕೊಂಡು ಬಿಟ್ಬಿಡ್ತಾರೆ. ಕೈಗೆ ಅಭ್ಯಾಸ ಇದೆ, ಅರ್ಥ ಹೋಗಿದೆ” ಅಂದಿದ್ದ. ಅದೂ ಅಲ್ಲದೆ ಅದು ಎಡಗೈ. ನಮ್ಮಲ್ಲಿ ಎಡ ಅಂಗೈ ಅಂದರೆ ಇಷ್ಟಲಿಂಗ ಇಟ್ಟು ಪೂಜೆ ಮಾಡುವ ಜಾಗ. ಅಪ್ಪ ಅಂಗೈಯ ಆ ಪೀಠದಲ್ಲಿ ವ್ಯಾಪಾರ ಮಾಡಿಯಾರು ಅಂತ ನಮ್ಮ ಮನೆಯಲ್ಲಿ ಯಾರಿಗೂ ಕನಸಲ್ಲೂ ಬರುವಂತಿರಲಿಲ್ಲ.

ಒಂದು ಮಧ್ಯಾಹ್ನ ನಾನು ವೈಯಾಲಿಕಾವಲ್‌ನಿಂದ ಬಂದು ಅಪ್ಪನಿಗೆ ಸಾರನ್ನ ಕಲಸಿ ತುತ್ತು ಕೊಡುತ್ತಿದ್ದೆ. ನನ್ನ ಬಲಗೈ ಪೂರ್ತಿ ಎಂಜಲು, ಸಾರು. ಅಪ್ಪನ ತೊಡೆಯ ಮೇಲೆ ಬಾಯಿ ಒರೆಸುವ ಟವೆಲ್. “ಇನ್ನೊಂದು ತುತ್ತು ಹಾಕ್ಲಾ ಅಪ್ಪ?” ಅಂದೆ. ಅವರು ನನ್ನ ಕೈಗಾಗಿ ತಡಕಿದರು. ಬಲಗೈ ಕೊಡುವ ಹಾಗಿರಲಿಲ್ಲ, ಸುಮ್ಮನೆ ಎಡಗೈ ಅವರ ತೊಡೆಯ ಮೇಲಿಟ್ಟೆ. ಅವರು ಟವೆಲ್ ಎಳೆದು ಮುಚ್ಚಿದರು. “ಹೂಂ” ಅಂದಿತು ಬಾಯಿ. ಟವೆಲ್ಲಿನ ಕೆಳಗೆ ಅವರ ಅಂಗೈ ನನ್ನ ಅಂಗೈಯನ್ನು ಹಿಂದಕ್ಕೆ ತಳ್ಳಿತು.

ಜಗಲಿ, ಚಕ್ಕುಲಿ, ತಾತ ಎಲ್ಲ ಒಟ್ಟಿಗೆ ಎದ್ದು ಬಂದರು. ಬೇಡ!

ತುತ್ತು ತಟ್ಟೆಗೆ ಹಾಕಿ ಕೇಳಿದೆ: “ಸಾಕಾ ಅಪ್ಪ?” ಹೆಬ್ಬೆರಳ ಬುಡವನ್ನು ಒತ್ತಿದರು. “ಹೊಟ್ಟೆ ತುಂಬ್ತಾ?” ತಳ್ಳಿದರು. “ಮತ್ಯಾಕೆ ಸಾಕು? ಸಾರು ಚೆನ್ನಾಗಿಲ್ವಾ?” ಒತ್ತಿದರು. “ಖಾರ ಹೆಚ್ಚಾಯ್ತಾ?” ತಳ್ಳಿದರು. “ಉಪ್ಪಿಲ್ವಾ?” ಹೆಬ್ಬೆರಳು ಕಿತ್ತು ಬರುವ ಹಾಗೆ ಒತ್ತಿದರು. ಬಾಯಿ ಈ ಅಷ್ಟಕ್ಕೂ ತನ್ನ ಪಾಡಿಗೆ ತಾನು ಹೂಂ ಹೂಂ ಅನ್ನುತ್ತಲೇ ಇತ್ತು.

“ಅಮ್ಮಾ! ಅಪ್ಪ ಬೇಡ ಅಂದ್ರು!”

ಅಮ್ಮ ಸೌಟು ಹಿಡಿದೇ ಓಡಿ ಬಂದರು. “ಏನಂದ್ರು?”

“ಸಾರು ಬೇಡ ಅಂದ್ರು. ಉಪ್ಪಿಲ್ವಂತೆ.”

ಬಿಪಿಗೆ ಹೆದರಿ ಅಮ್ಮ ತಿಂಗಳುಗಟ್ಟಲೆಯಿಂದ ಸಾರಿಗೆ ಉಪ್ಪು ತೋರಿಸಿ ತೆಗೆಯುತ್ತಿದ್ದರು. ಸೌಟು ಹಿಡಿದವರು ನೆಲದ ಮೇಲೆ ಕೂತುಬಿಟ್ಟರು. “ಉಪ್ಪಿಲ್ಲ ಅಂತ ಬೇಡ ಅಂದ್ರಾ? ಹಂಗಾದ್ರೆ ಇವರು ನಮ್ಮವರೇ ಕಣೇ! ಎಲ್ಲೂ ಹೋಗಿಲ್ಲ, ಇಲ್ಲೇ ಇದಾರೆ!” ಅಂತ ಅತ್ತರು, ನಕ್ಕರು. ಮದುವೆಯಾದಂದಿನಿಂದ ಅಡುಗೆಗೆ ಹೆಸರಿಟ್ಟ ಗಂಡ ಮತ್ತೆ ಹೆಸರಿಟ್ಟದ್ದಕ್ಕೆ ಇಷ್ಟು ಸಂತೋಷಪಟ್ಟ ಹೆಂಗಸನ್ನು ನಾನು ಕಂಡಿಲ್ಲ.

ಎಲ್ಲರೂ ಅಷ್ಟು ದಿನ ಏನು ತಪ್ಪು ಮಾಡಿದ್ದೆವು ಅಂತ ಆಗ ತಿಳಿಯಿತು. ಹಿರಿಯರಿಗೆ ಎಡಗೈ ಕೊಡಬಾರದು. ಹಾಗಾಗಿ ಮರ್ಯಾದಸ್ಥರಾದ ನಾವೆಲ್ಲ ಅವರ ಎಡಗೈಗೆ ನಮ್ಮ ಬಲಗೈಯನ್ನೇ ಕೊಡುತ್ತಾ ಬಂದಿದ್ದೆವು. ಎದುರುಬದುರು ಕೂತಾಗ ಎಡಕ್ಕೆ ಬಲ ಕೂಡಿದರೆ ಹಿಡಿತ ಕೂರುವುದಿಲ್ಲ, ಬೆರಳು ತಿರುವುಮುರುವಾಗುತ್ತವೆ. ಎಡಕ್ಕೆ ಎಡ ಸಿಕ್ಕಿದರೆ ಮಾತ್ರ ಬಲಕ್ಕೆ ಬಲ ಸಿಕ್ಕಿದ ಹಾಗೆ. ನಮ್ಮ ಮರ್ಯಾದೆಯೇ ಅವರ ಬಾಯಿ ಕಟ್ಟಿತ್ತು.

ಸಂಜೆ ತಮ್ಮ ಬಂದಾಗ ಹೇಳಿದೆ. ಅವನು ನಂಬಲಿಲ್ಲ. “ಎಡಗೈ ಕೊಡೋ” ಅಂದೆ.

“ಅಪ್ಪಂಗೆ ಎಡಗೈ ಕೊಡೋದಾ ಅಕ್ಕ?”

“ಬೇರೆ ಯಾರಿಗಾದ್ರೂ ಕೊಟ್ಟು ಅಭ್ಯಾಸ ಮಾಡ್ಕೊಂಡು ಬಾ ಹಾಗಾದ್ರೆ.”

ಅಳುಕುತ್ತಲೇ ಕೊಟ್ಟ. ಟವೆಲ್ ಮುಚ್ಚಿಕೊಂಡಿತು. ಅವನು ತಡವರಿಸಿಕೊಂಡು ಕೇಳಿದ: “ಅಪ್ಪ, ಅಂಗಡಿ ಬಾಡಿಗೆಗೆ ಕೊಟ್ಬಿಡ್ಲಾ?” ಹೂಂ ಅಂದಿತು ಬಾಯಿ. ತಮ್ಮನ ಮುಖ ಬಿಳಿಚಿಕೊಂಡಿತು. “ಅಕ್ಕ... ಅಪ್ಪ ತಳ್ಳಿದ್ರು. ಜೋರಾಗಿ ತಳ್ಳಿದ್ರು.” ಆಮೇಲೆ ಅವನು ಟವೆಲ್ಲಿಗೆ ಮುಖ ಒತ್ತಿಕೊಂಡ.

ಅರ್ಜಿ ಅಷ್ಟರಲ್ಲಿ ಕೋರ್ಟಿಗೆ ಹೋಗಿತ್ತು. ವಕೀಲರು ಎಲ್ಲ ಕೇಳಿಸಿಕೊಂಡು ಹೇಳಿದರು: “ಅರ್ಜಿ ವಾಪಸ್ ತಗೋಬಹುದು. ಆದ್ರೆ ಬ್ಯಾಂಕಿನವರು ಮತ್ತೆ ಅದೇ ಪ್ರಶ್ನೆ ಕೇಳ್ತಾರೆ. ಅದರ ಬದಲು ಕೋರ್ಟೇ ಬಂದು ನೋಡ್ಲಿ. ಒಬ್ಬರು ಕಮಿಷನರನ್ನ ನೇಮಿಸಿ ಮನೆಗೆ ಕಳಿಸ್ತಾರೆ. ಅವರಿಗೆ ಮನವರಿಕೆ ಆದ್ರೆ ಸರಿ. ಆಗ್ಲಿಲ್ಲ ಅಂದ್ರೆ ಮಾತ್ರ ಯಜಮಾನ್ರು ಅಸಮರ್ಥರು ಅಂತಲೇ ಆಗುತ್ತೆ, ಆಮೇಲೆ ಬಿಡಿಸೋದು ಕಷ್ಟ.” ನನ್ನ ಕಡೆ ನೋಡಿ ಸೇರಿಸಿದರು: “ಇನ್ನೊಂದು ಮಾತಮ್ಮ. ಅಂಗಡಿ ಮೇಲೆ ನಿಮಗೂ ಮನಸ್ಸಿದೆ. ನೀವೇ ಕೈ ಹಿಡಿದು ನೀವೇ ಅರ್ಥ ಹೇಳಿದ್ರೆ ಯಾರೂ ಒಪ್ಪಲ್ಲ.”

ಕಮಿಷನರ್ ಬಂದದ್ದು ಬೆಳಗಿನ ಹೊತ್ತು. ಮಧ್ಯವಯಸ್ಸಿನ ವಕೀಲೆ, ಹತ್ತಿ ಸೀರೆ, ಗಟ್ಟಿ ಮುಖ. ಅಮ್ಮ ಅಪ್ಪನಿಗೆ ಸ್ನಾನ ಮಾಡಿಸಿ, ಶುಭ್ರ ಪಂಚೆ ಉಡಿಸಿ, ವಿಭೂತಿ ಹಚ್ಚಿ ಮದುವೆಗಂಡಿನ ಹಾಗೆ ಕೂರಿಸಿದ್ದರು. “ಕಾಫಿ ತರ್ಲಾ ಮೇಡಂ?” “ಕೆಲಸ ಆಗ್ಲಿ ತಾಯಿ, ಆಮೇಲೆ.”

ಅವರು ಮೊದಲು ಬಾಯಲ್ಲೇ ಕೇಳಿದರು. ಇದು ನಿಮ್ಮ ಮನೆಯಾ? ಹೂಂ. ಇದು ಮೈಸೂರಾ? ಹೂಂ. ನಾನು ನಿಮ್ಮ ಮಗಳಾ? ಹೂಂ. ಬರೆದುಕೊಳ್ಳುತ್ತಾ ಹೋದರು. ಅವರ ಪೆನ್ನು ಓಡಿದ ಹಾಗೆಲ್ಲ ನನ್ನ ಧೈರ್ಯ ಇಳಿಯುತ್ತಿತ್ತು. ಕೊನೆಗೆ ನಾನು ಎಲ್ಲ ಹೇಳಿದೆ: ಟವೆಲ್, ಸನ್ನೆ, ಎಡಗೈ, ಉಪ್ಪಿಲ್ಲದ ಸಾರು.

“ಕೇಳೋಕೆ ಚೆನ್ನಾಗಿದೆ” ಅಂದರು. “ಆದ್ರೆ ನೀವು ಮಗಳು. ನೀವು ಓದಿ ಹೇಳೋದನ್ನ ನಾನು ಹೇಗೆ ನಂಬ್ಲಿ?”

“ನಂಬಬೇಡಿ ಮೇಡಂ. ನಿಮ್ಮ ಕೈನೇ ಕೊಡಿ.”

ಅವರು ಪೆನ್ನು ಕೆಳಗಿಟ್ಟು ಕುರ್ಚಿ ಮುಂದಕ್ಕೆ ಎಳೆದುಕೊಂಡು ಬಲಗೈ ಚಾಚಿದರು. “ಎಡಗೈ ಮೇಡಂ” ಅಂದೆವು ನಾನು, ತಮ್ಮ, ಇಬ್ಬರೂ ಒಟ್ಟಿಗೆ. ಮೂರು ಸನ್ನೆ ಹೇಳಿಕೊಟ್ಟೆ. ಅವರು ಎರಡೆರಡು ಸಲ ತಮ್ಮದೇ ಕೈಮೇಲೆ ಅಭ್ಯಾಸ ಮಾಡಿ, “ಈಗ ಎಲ್ಲರೂ ಹೊರಗೆ” ಅಂದರು. ಗಂಡ ಇನ್ನೊಬ್ಬ ಹೆಂಗಸಿನ ಕೈ ಹಿಡಿಯುವುದನ್ನು ನೋಡಲಾಗದೆ ಅಮ್ಮ ಮೊದಲೇ ಜಗಲಿಗೆ ಹೋಗಿ ಕೂತಿದ್ದರು.

ಜಗಲಿಯಲ್ಲಿ ನಾವು ಮೂವರು. ಒಳಗಿಂದ ಹೂಂ, ಹೂಂ ಮಾತ್ರ ಕೇಳುತ್ತಿತ್ತು. ತಮ್ಮ ಉಗುರು ಕಚ್ಚುತ್ತಿದ್ದ. ಪಕ್ಕದ ಮನೆಯವರು ಬಂದು ಸ್ಕೂಟರ್ ತೆಗೆದುಕೊಂಡು ಹೋದರು, ಏನು ಎತ್ತ ಕೇಳಲಿಲ್ಲ. ಅಮ್ಮ ಮೆಲ್ಲಗೆ, “ಕೈ ಮರೆತುಹೋದ್ರೆ? ಹೆದರಿಕೊಂಡು ಬಿಟ್ರೆ?” ಅಂದರು. ನನಗೂ ಅದೇ ಭಯ. ಮನೆಯವರ ಮುಂದೆ ಆಡುವ ಮಾತು ಪರೀಕ್ಷೆಯ ಹೊತ್ತಿಗೆ ಕೈಕೊಟ್ಟ ಮಕ್ಕಳನ್ನು ಎಷ್ಟು ನೋಡಿಲ್ಲ ನಾನು!

ಒಳಗೆ ನಗು ಕೇಳಿತು. ಹೆಂಗಸಿನ ನಗು, ತಡೆಯಲಾಗದೆ ಉಕ್ಕಿ ಬಂದದ್ದು. ಬಾಗಿಲು ತೆರೆಯಿತು.

“ಮಗಳು ಒಳಗೆ ಬನ್ನಿ. ನಿಮ್ಮ ಹತ್ರ ಏನೋ ಬಾಕಿ ಇದೆಯಂತೆ ಅವರಿಗೆ.” ಒಳಗೆ ಹೋದ ಮೇಲೆ ಹೇಳಿದರು: “ಇದು ಮೈಸೂರಾ ಅಂದೆ, ತಳ್ಳಿದ್ರು. ನಾನು ಮಗಳಾ ಅಂದೆ, ತಳ್ಳಿದ್ರು. ತಿರುಗಿಸಿ ಮುರುಗಿಸಿ ಕೇಳ್ದೆ, ಒಂದೂ ತಪ್ಪಲಿಲ್ಲ. ಅಂಗಡಿ ಮುಚ್ಚೋಣವಾ? ತಳ್ಳಿದ್ರು. ಮಗ ನಡೆಸ್ಲಾ? ಅದಕ್ಕೂ ತಳ್ಳಿದ್ರು. ಮಗಳು ನಡೆಸ್ಲಾ ಅಂದ್ರೆ ಮಾತ್ರ ಒತ್ತೋದೂ ಇಲ್ಲ, ತಳ್ಳೋದೂ ಇಲ್ಲ. ಕಿರುಬೆರಳು ಎಳೀತಾನೇ ಇದಾರೆ. ಇನ್ನು ಸ್ವಲ್ಪ ಹೊತ್ತಾದ್ರೆ ನನ್ನ ಬೆರಳು ಅವರ ಹತ್ರನೇ ಉಳ್ಕೊಳ್ಳುತ್ತೆ.”

“ಮಾತು ಮುಗಿದಿಲ್ಲ ಅಂತ ಮೇಡಂ. ಏನೋ ಷರತ್ತಿದೆ.”

ನಾನು ಅಪ್ಪನ ಎದುರು ಕೂತೆ. ಅಪ್ಪ ಟವೆಲ್ಲನ್ನು ತಾವೇ ಕೊಡವಿ, ನಮ್ಮಿಬ್ಬರ ಕೈಗಳ ಮೇಲೆ ಅಂಚು ಸರಿಮಾಡಿ ಹಾಸಿದರು. ವ್ಯಾಪಾರಕ್ಕೆ ಕೂತವರಿಗೆ ಹಾಸುವ ಹಾಗೆ. ಅವರ ಕೈ ಆಗಲೇ ಕೆಲಸ ಶುರು ಮಾಡಿತ್ತು. ಐದೂ ಬೆರಳು ಒಟ್ಟಿಗೆ ಹಿಡಿದರು, ಬಿಟ್ಟರು, ಆಮೇಲೆ ಒಂದು. ಆರು.

“ಏನು ಆರು ಅಪ್ಪ? ದಿನಾನಾ?” ಒತ್ತಿದರು. “ವಾರಕ್ಕೆ ಆರು ದಿನ ನಾನು ಅಂಗಡಿ ತೆಗೀಬೇಕಾ?” ಒತ್ತಿದರು, ಕೂಡಲೇ ಕಿರುಬೆರಳನ್ನೂ ಎಳೆದರು. ಅಷ್ಟೇ ಅಲ್ಲ. “ಮತ್ತೆ? ನೀವೂ ಬರ್ತೀರಾ?” ಹೆಬ್ಬೆರಳು ಕಿತ್ತು ಬಂತು. “ಆರು ದಿನಾನಾ?” ಮತ್ತೆ ಒತ್ತಿದರು.

ಓಹೋ, ಹಾಗಾ ಅಂದುಕೊಂಡೆ. ಅಂಗಡಿ ನನಗೆ ಕೊಡುತ್ತಾರೆ. ನಾವು ಅವರನ್ನು ಮನೆಯಲ್ಲಿ ಕೂಡಿಹಾಕಬಾರದು ಅನ್ನುವುದು ಅದರ ಬೆಲೆ.

ಅವರು ವಾರಕ್ಕೆ ಒಂದು ದಿನ ಬಂದರೆ ಸಾಕು ಅಂತ ನಾನು ಒಂದು ಬೆರಳು ಹಿಡಿದೆ. ಅಪ್ಪ ನನ್ನ ಅಂಗೈಯನ್ನು ಕೊಳೆತ ನೂಲನ್ನು ತಳ್ಳುವ ಹಾಗೆ ತಳ್ಳಿ ಐದು ಹಿಡಿದರು. “ಡಾಕ್ಟ್ರು ಏನಂದಿದಾರೆ ಗೊತ್ತಲ್ಲ?” ಅಂತ ಎರಡು ಹಿಡಿದೆ. ತಳ್ಳಿದರು. ಜಗಲಿಯಿಂದ ಅಮ್ಮನ ದನಿ ಬಂತು: “ಎರಡಕ್ಕಿಂತ ಜಾಸ್ತಿ ಒಪ್ಕೋಬೇಡ ಕಣೇ!”

“ತಾಯಿ, ನೀವು ಮಧ್ಯ ಬರ್ಬೇಡಿ” ಅಂದರು ಕಮಿಷನರ್. ಅವರು ಕುರ್ಚಿಯ ಅಂಚಿಗೆ ಬಂದಿದ್ದರು, ಕಣ್ಣು ಟವೆಲ್ಲಿನ ಮೇಲೆ.

ಅಪ್ಪ ನಾಲ್ಕಕ್ಕೆ ಇಳಿದರು. ನಾನು ಮೂರು ಹಿಡಿದು “ಅದೂ ಅರ್ಧ ದಿನ ಮಾತ್ರ” ಅಂದೆ. ಅರ್ಧ ದಿನಕ್ಕೆ ಒತ್ತಿದರು, ಮೂರಕ್ಕೆ ತಳ್ಳಿದರು. ನಾನು ಬಿಡಲಿಲ್ಲ. ಆಗ ಅಪ್ಪ ಮುಖ ಆ ಕಡೆ ತಿರುಗಿಸಿಕೊಂಡರು, ಈ ವ್ಯಾಪಾರವೇ ಬೇಡ, ಎದ್ದು ಹೊರಟೆ ಅನ್ನುವ ಹಾಗೆ. ಪೇಟೆಯಷ್ಟೇ ಹಳೆಯ ಆಟ ಅದು. ನಾನೂ ಅವರ ಮಗಳಲ್ಲವೇ? “ಸರಿ ಅಪ್ಪ, ಹಾಗಾದ್ರೆ ಬಿಡಿ” ಅಂತ ಕೈ ಮೆಲ್ಲಗೆ ಹಿಂದಕ್ಕೆಳೆದುಕೊಂಡೆ. ಬೆರಳ ತುದಿ ಟವೆಲ್ಲಿನ ಅಂಚು ದಾಟುವಷ್ಟರಲ್ಲಿ ಗಬಕ್ಕನೆ ಹಿಡಿದರು. ಮೂರು. ಹೆಬ್ಬೆರಳ ಬುಡ ಒತ್ತಿದರು. ನಾನೂ ಒತ್ತಿದೆ.

“ಹೂಂ” ಅಂದರು ಅಪ್ಪ. ಆ ಒಂದು ಸಲ ಬಾಯಿಯೂ ಕೈಯೂ ಒಂದೇ ಮಾತು ಆಡಿದವು.

ಕಮಿಷನರ್ ಬೆನ್ನು ಹಿಂದಕ್ಕೆ ಒರಗಿಸಿದರು. “ಇಷ್ಟು ಚೌಕಾಸಿ ಮಾಡೋ ಮನುಷ್ಯನ್ನ ಅಸಮರ್ಥರು ಅಂತ ನಾನು ಹೇಗಮ್ಮ ಬರೀಲಿ? ನಾನು ಗಾಂಧಿಬಜಾರಲ್ಲಿ ದಿನಾ ಮೋಸ ಹೋಗ್ತೀನಿ. ಕೋರ್ಟು ಮೊದಲು ನನ್ನ ವಿಚಾರಣೆ ಮಾಡ್ಬೇಕು.” ಆಮೇಲೆ ಅಮ್ಮನ ಕಾಫಿ ಕುಡಿದರು. ಹೊರಡುವ ಮುಂಚೆ ಅಪ್ಪನಿಗೆ ಕೈ ಮುಗಿದರು. ತಮ್ಮ ಬಾಗಿಲಲ್ಲಿ ನಿಂತು, “ಮೂರು ದಿನಾನೂ ಕಾರು ನಾನೇ ತರ್ತೀನಿ ಅಪ್ಪ” ಅಂದ. ಅಪ್ಪ ಅವನಿಗೆ ಎಡಗೈ ಚಾಚಿದರು.

ಕೋರ್ಟಿನ ತೀರ್ಮಾನ ಬಂದಾಗ ವಕೀಲರೇ ಮನೆಗೆ ಬಂದು ಹೇಳಿದರು. ಮಾತು ಬರದೆ ಇರುವುದು ಬೇರೆ, ಮನಸ್ಸು ಇಲ್ಲದೆ ಇರುವುದು ಬೇರೆ. ಇವರಿಗೆ ಬೇಕಾದದ್ದು ಸಹಾಯ, ಇವರ ಬದಲಿಗೆ ಇನ್ನೊಬ್ಬ ಯಜಮಾನನಲ್ಲ. ಬ್ಯಾಂಕು, ಕಾಗದಪತ್ರದ ಕೆಲಸಕ್ಕೆ ಮಕ್ಕಳಿಬ್ಬರೂ ಜೊತೆಗಿರಬಹುದು. ಆದರೆ ಪ್ರತಿಯೊಂದನ್ನೂ ಅವರ ಕೈ ಹಿಡಿದು ಕೇಳಬೇಕು. ಅವರು ಬೇಡ ಅಂದರೆ ಅಲ್ಲಿಗೆ ಬೇಡ. “ನಾನು ಹಾಕಿದ ಅರ್ಜಿ ವಜಾ ಆಯ್ತು. ಇಷ್ಟು ಖುಷಿಯಾಗಿ ಯಾವ ಕೇಸೂ ಸೋತಿಲ್ಲ ನಾನು” ಅಂದರು. ಅಮ್ಮ ಅವರಿಗೆ ಒಬ್ಬಟ್ಟು ಬಡಿಸಿದರು, ಮೇಲೆ ತುಪ್ಪ. ಪಕ್ಕದ ಮನೆಯ ಸ್ಕೂಟರ್ ಅವತ್ತೇ ಬೀದಿಗೆ ಹೋಯಿತು. ಆ ವಿಷಯದಲ್ಲಿ ಅಪ್ಪನ ಅಂಗೈ ಎರಡನೆಯ ಸಲ ಕೇಳಿಸಿಕೊಳ್ಳಲಿಲ್ಲ.

ಅಂಗಡಿ ತೆಗೆದೆವು. ಕಟ್ಟೆಯ ಮೇಲೆ ಅಪ್ಪನಿಗೊಂದು ಕುರ್ಚಿ. ಮೊದಲ ವಾರದಲ್ಲೇ ಶಿಡ್ಲಘಟ್ಟದ ಕಡೆಯ ಹಳೆಯ ನೂಲಿನವರೊಬ್ಬರು ಬಂದರು, ಅಪ್ಪನ ಜೊತೆ ಎಷ್ಟೋ ವರ್ಷ ವ್ಯಾಪಾರ ಮಾಡಿದವರು. ರೇಷ್ಮೆ ನೂಲಿನ ಲಡಿಗಳನ್ನು ಬಿಚ್ಚಿ ಹರಡಿ, ನನ್ನನ್ನೊಮ್ಮೆ ಅಪ್ಪನನ್ನೊಮ್ಮೆ ನೋಡಿದರು.

“ಯಜಮಾನ್ರು ಇದಾರಲ್ಲ, ಅವರ ಹತ್ರನೇ ಮಾತಾಡ್ತೀನಮ್ಮ. ಹೆಣ್ಣುಮಕ್ಕಳ ಹತ್ರ ನಾನು ಹೆಂಗೆ...”

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದರು. ಅದನ್ನು ತಮ್ಮ ತೊಡೆಯ ಮೇಲೆ ಹಾಕಿಕೊಳ್ಳಲಿಲ್ಲ. ನನ್ನ ಕಡೆ ಎಸೆದರು.

ಆ ಹಿರಿಯರು ಸ್ವಲ್ಪ ಹೊತ್ತು ಕೂತಲ್ಲೇ ಮಿಸುಕಾಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, “ಈ ಸಲ ಮಳೆ ಹೆಂಗೆ ನಿಮ್ಮ ಕಡೆ?” ಅಂತ ನನ್ನನ್ನೇ ಕೇಳುತ್ತಾ ಬಲಗೈ ಚಾಚಿದರು. “ಪರವಾಗಿಲ್ಲ, ನಿಮ್ಮ ಕಡೆ?” ಅಂದೆ, ಕೈ ಕೊಟ್ಟು ಟವೆಲ್ ಮುಚ್ಚಿದೆ.

ಇಬ್ಬರು ವ್ಯಾಪಾರಕ್ಕೆ ಕೂತಾಗ ಅಲ್ಲಿರುವ ಮೂರನೆಯವರು ಆ ಟವೆಲ್ಲಿನ ಕಡೆ ನೋಡಬಾರದು, ಅಂಗಡಿಯ ಮಾಲೀಕನೇ ಆದರೂ. ನೋಡಿದರೆ ಕೂತವರ ಮೇಲೆ ನಂಬಿಕೆಯಿಲ್ಲ ಅಂತ ಅರ್ಥ. ಅಪ್ಪ ಕುರ್ಚಿಯನ್ನು ಕಾಲಿನಿಂದ ಮೆಲ್ಲಗೆ ಸರಿಸಿಕೊಂಡು, ಬೀದಿಯ ಕಡೆ ಮುಖ ಮಾಡಿ ಕೂತರು. ಗಲ್ಲಿಯಲ್ಲಿ ತಳ್ಳುಗಾಡಿಯವನೊಬ್ಬ ಬಟ್ಟೆಯ ಮೂಟೆ ಹೊತ್ತ ಗಾಡಿಗೆ ದಾರಿ ಬಿಡಿಸಲು ಕೂಗಾಡುತ್ತಿದ್ದ. ಅದನ್ನೇ ನೋಡುತ್ತಾ ಕೂತರು. ಬೆಲೆ ಕುದುರಿ, ಹೆಬ್ಬೆರಳಿಗೆ ಹೆಬ್ಬೆರಳು ಸೇರಿ, ನಾನು ಟವೆಲ್ ತೆಗೆದು ಮಡಿಸುವ ತನಕ ಒಂದು ಸಲವೂ ಈ ಕಡೆ ತಿರುಗಲಿಲ್ಲ.